ಬೋರ್ಡಿನಲ್ಲಿ ಶೇ 60 ಕನ್ನಡ, ಮಕ್ಕಳ ಬಾಯಲ್ಲಿ ಎಷ್ಟು?

ಕನ್ನಡದ ಯುವಕರೇ, ಯುವತಿಯರೇ,

ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂಬ ಕಾನೂನು ಹೋರಾಟದ ಫಲವಾಗಿ 2024ರಲ್ಲಿ ಬಂತು. ಸಂತೋಷ. ಆದರೆ ನಿಮ್ಮ ಮನೆಯ ಮಗು ಕಣ್ಣಾಮುಚ್ಚಾಲೆ ಆಡುವಾಗ ‘ಕಳ್ಳ’ ಯಾರೆಂದು ಯಾವ ಭಾಷೆಯಲ್ಲಿ ಎಣಿಸುತ್ತದೆ, ಕಿವಿಗೊಟ್ಟಿದ್ದೀರಾ? ‘ಇಂಕಿ ಪಿಂಕಿ’ ಅಂತ! ಬೆಂಗಳೂರಿನ ಮಾತಲ್ಲ ಸ್ವಾಮಿ, ಅಚ್ಚಕನ್ನಡದ ನೆಲವೆಂದು ನಾವು ಎದೆ ತಟ್ಟಿಕೊಳ್ಳುವ ಮಂಡ್ಯ, ಮದ್ದೂರು, ಮಳವಳ್ಳಿಯ ಬಡಾವಣೆಗಳ ಮಾತು!

ಇದೇನು ಮಹಾ ವಿಷಯ ಎಂದು ನಗಬೇಡಿ. ‘ಅವಲಕ್ಕಿ ಪವಲಕ್ಕಿ’ ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ಕಲಿಸಿದ್ದಲ್ಲ, ಅಪ್ಪ ಕಲಿಸಿದ್ದಲ್ಲ. ಹತ್ತು ವರ್ಷದ ಹುಡುಗಿಯ ಬಾಯಿಂದ ಆರು ವರ್ಷದ ಹುಡುಗನ ಕಿವಿಗೆ, ಹಬ್ಬಕ್ಕೆ ಬಂದ ನೆಂಟರ ಮಕ್ಕಳಿಂದ ಊರಿಂದೂರಿಗೆ ದಾಟಿದ್ದು. ದಾಟುವಾಗ ಪದ ಸವೆಯುತ್ತದೆ, ಅರ್ಥ ಕಳಚುತ್ತದೆ, ತಾಳ ಉಳಿಯುತ್ತದೆ. ಪಟೇಲರ ಮಗನಾಗಲಿ, ಕೂಲಿಯವನ ಮಗನಾಗಲಿ, ಬೆರಳು ಬಂದು ನಿಂತರೆ ಅವನೇ ಕಳ್ಳ. ಮಗು ಕಲಿಯುವ ಮೊದಲ ನ್ಯಾಯ ಇದು.

ಈ ಪದಗಳ ಗಟ್ಟಿತನ ನೋಡಿ. ಮರಾಠಿ ಮಕ್ಕಳು ಚಿನ್ನಿದಾಂಡಿನಲ್ಲಿ ವಕಟ, ಲೇಂಡ, ಮೂಂಡ ಎಂದು ಎಣಿಸುವ ವಾಡಿಕೆಯಿದೆ. ಅದು ನಮ್ಮ ಸೋದರ ಭಾಷೆ ತೆಲುಗಿನ ಒಕಟಿ, ರೆಂಡು, ಮೂಡು! ಯಾವ ರಾಜನೂ ಹೇರದೆ ಗಡಿ ದಾಟಿ ಉಳಿಯಿತು. ಆಟದ ಮಾತಿಗೆ ಅಂಥ ಶಕ್ತಿ.

ಅದನ್ನು ಅರಿತವರು ಸುಮ್ಮನೆ ಕೂರಲಿಲ್ಲ. ಅಮೆರಿಕದ ಹೆನ್ರಿ ಬೋಲ್ಟನ್ 1888ರಲ್ಲೇ ಹಲವು ಭಾಷೆಗಳ ಎಣಿಕೆ ಪದ್ಯಗಳ ಪುಸ್ತಕ ತಂದ. ಬ್ರಿಟನ್ನಿನ ಓಪಿ ದಂಪತಿ ಸುಮಾರು 5,000 ಶಾಲಾಮಕ್ಕಳ ಆಟದ ಮಾತು ಸಂಗ್ರಹಿಸಿ 1959ರಲ್ಲಿ ಅಚ್ಚು ಹಾಕಿಸಿದರು. ಅವರು ತಮ್ಮದನ್ನು ಕಾಪಾಡಿಕೊಂಡರು. ನಾವು ನಮ್ಮದನ್ನು ಬಿಸಾಡಿ ಅವರದನ್ನು ಬಾಚಿಕೊಂಡೆವು!

ತಪ್ಪು ಮಕ್ಕಳದ್ದಲ್ಲ. ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಅಚ್ಚಿಗೆ ಬಂದ ಶಾಲಾ ಡೈರಿಯೊಂದರಲ್ಲಿ ಕಣ್ಣಾರೆ ಓದಿದ್ದೇನೆ: ಶಾಲೆಯ ಆವರಣದಲ್ಲಿ ಇಂಗ್ಲಿಷ್ ಮಾತ್ರ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರಿ, ತರಗತಿ ಕೈಬಿಟ್ಟಿತು. ಆಟದ ಬಯಲಿನಲ್ಲೂ ಕನ್ನಡ ಬೇಡವೆಂದು ಯಾವ ಕೋರ್ಟು ಹೇಳಿತ್ತು?

ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ನೀವು ಬೈಪಾಸಿನಲ್ಲಿ ಅದನ್ನು ದಾಟಿ ಹಾರಿ ಬರುತ್ತೀರಿ! ಈ ಭಾನುವಾರ ಊರಿಗೆ ಬಂದಾಗ ಅಜ್ಜಿಯ ಪಕ್ಕ ಕೂರಿ. ಅವರು ಎಣಿಸುತ್ತಿದ್ದ ಪದ ಹೇಳಿಸಿ, ಮೊಬೈಲಿನಲ್ಲಿ ಹಿಡಿಯಿರಿ. ಊರಿನ ಹೆಸರು ಸಮೇತ ಬರೆದಿಡಿ. ಮದ್ದೂರಿನ ಪದ ಬೇರೆ, ಮಳವಳ್ಳಿಯ ಪದ ಬೇರೆ ಇದ್ದೀತು. ಸಂಘಟನೆಯ ಗೆಳೆಯರೇ, ರಾಜ್ಯೋತ್ಸವದ ಆರ್ಕೆಸ್ಟ್ರಾ ಖರ್ಚಿನಲ್ಲಿ ಒಂದು ಪಾಲು ತೆಗೆದು ಬೀದಿ ಮಕ್ಕಳನ್ನೆಲ್ಲ ಸೇರಿಸಿ ಲಗೋರಿ, ಕುಂಟೆಬಿಲ್ಲೆ ಆಡಿಸಿ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸಲಿ.

ಬೋರ್ಡನ್ನು ಪಾಲಿಕೆ ಕಾಯುತ್ತದೆ. ಮಗುವಿನ ನಾಲಿಗೆಯನ್ನು ಕಾಯಬೇಕಾದವರು ನೀವು!