ಕೀಮೋ ಮುಗಿದ ಮೇಲೊಂದು ಸೈಕಲ್

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ‘ಪ್ಯಾನ್-ಮಾಸ್ ಚಾಲೆಂಜ್’ ಸೈಕಲ್ ಸವಾರಿಯಲ್ಲಿ ಕ್ಯಾನ್ಸರ್ ಗೆದ್ದವರಿಗೆ ಬೇರೆಯೇ ಹೆಸರು: ‘ಲಿವಿಂಗ್ ಪ್ರೂಫ್’, ಅಂದರೆ ಜೀವಂತ ಸಾಕ್ಷಿ. ಇವರೇನೂ ವೃತ್ತಿಪರ ಸವಾರರಲ್ಲ. ಮಕ್ಕಳ ಶಾಲೆ, ಕಚೇರಿ, ಮುಂದಿನ ಸ್ಕ್ಯಾನ್‌ನ ದಿಗಿಲು, ಇವುಗಳ ನಡುವೆಯೇ ನಸುಕಿನಲ್ಲೆದ್ದು ಪೆಡಲ್ ತುಳಿಯುವವರು. ಕೀಮೋದಿಂದ ಬೆರಳ ತುದಿ ಜೋಮು ಹಿಡಿದವರಿಗೆ ಬ್ರೇಕ್ ಒತ್ತುವುದನ್ನೂ ಹೊಸದಾಗಿ ಕಲಿಯಬೇಕು.

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಿಂದ ತಾಯಿಯನ್ನು ಕಳೆದುಕೊಂಡ ಬಿಲ್ಲಿ ಸ್ಟಾರ್ 1980ರಲ್ಲಿ ಈ ಸವಾರಿಯನ್ನು ಶುರು ಮಾಡಿದಾಗ ಇದ್ದದ್ದು 36 ಸವಾರರು. ಕೂಡಿದ ದೇಣಿಗೆ 10,200 ಡಾಲರ್. ಈವರೆಗಿನ ಮೊತ್ತ 100 ಕೋಟಿ ಡಾಲರ್ ದಾಟಿದೆ. ಸವಾರರು ತರುವ ಪ್ರತಿ ಡಾಲರೂ ಬಾಸ್ಟನ್‌ನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ. ಒಪ್ಪಿಕೊಂಡಷ್ಟು ದೇಣಿಗೆ ಕೂಡದಿದ್ದರೆ ಬಾಕಿ ಹಣ ಸವಾರನ ಕಾರ್ಡ್‌ನಿಂದಲೇ ಕಡಿತ! ಕಟುವೆನಿಸೀತು, ಆದರೆ ಸರಿಯಾದದ್ದೇ. ಟೀಶರ್ಟ್ ಹಂಚಿ, ಫೋಟೊ ಹೊಡೆಸಿಕೊಂಡು ಮುಗಿಯುವ ನಮ್ಮ ‘ಜಾಗೃತಿ ಜಾಥಾ’ಗಳ ಆಯೋಜಕರು ಈ ಲೆಕ್ಕದ ಶಿಸ್ತನ್ನು ಗಮನಿಸಬೇಕು.

ಚಿಕಿತ್ಸೆ ಮುಗಿಸಿದ ಓದುಗರಲ್ಲಿ ಒಂದು ಮಾತು: ನೀವೂ ಅಟ್ಟದಿಂದ ಸೈಕಲ್ ಇಳಿಸುವುದಾದರೆ, ಟೈರ್‌ಗೆ ಗಾಳಿ ಹೊಡೆಯುವ ಮೊದಲು ವೈದ್ಯರನ್ನೊಮ್ಮೆ ಕೇಳಿ.