ಕ್ಯಾನ್ಸರಿಗೆ ಗಿಡದ ರಸ: ರೈತರು ಆತುರಪಡುವುದು ಬೇಡ

ಯಾವುದೋ ಗಿಡದ ರಸ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂಬ ಸುದ್ದಿ ಬಂದೊಡನೆ ಅದರ ಸಸಿ ಎಲ್ಲಿ ಸಿಗುತ್ತದೆಂದು ವಿಚಾರಿಸುವವರು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲೂ ಇದ್ದಾರೆ. ಲಕ್ಷ್ಮಣಫಲದ ಸಸಿಗಳಿಗೆ ಬೇಡಿಕೆ ಬಂದದ್ದೂ ಇಂತಹ ಸುದ್ದಿಗಳಿಂದಲೇ. ಈ ಆತುರ ತರವಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಗಿಡದಿಂದ ಔಷಧಿ ದೊರೆಯುವುದು ಸುಳ್ಳಲ್ಲ. ನಮ್ಮ ಅಂಗಳದ ನಿತ್ಯಪುಷ್ಪವನ್ನೇ ತೆಗೆದುಕೊಳ್ಳಿ. ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಜಮೈಕಾ ಜನರ ನಂಬಿಕೆಯನ್ನು ಕೆನಡಾದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ. ಬಾಯಿಯ ಮೂಲಕ ಕೊಟ್ಟ ರಸ ಏನೂ ಮಾಡಲಿಲ್ಲ. ಚುಚ್ಚಿ ಕೊಟ್ಟಾಗ ಮಾತ್ರ ರಕ್ತದ ಬಿಳಿ ಕಣಗಳು ಕಡಿಮೆಯಾದವು. ಆ ಸುಳಿವಿನ ಬೆನ್ನುಹತ್ತಿ 1958ರಲ್ಲಿ ಅವರು ವಿನ್‌ಬ್ಲಾಸ್ಟಿನ್ ಬಗ್ಗೆ ಪ್ರಕಟಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಮದ್ದು. ಆದರೆ 1 ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು! ಮನೆಯಲ್ಲಿ ಅರೆದು ಕುಡಿದರೆ ಮದ್ದಿನ ಅಳತೆ ಸಿಗದು, ವಿಷ ಮಾತ್ರ ಹೊಟ್ಟೆ ಸೇರೀತು. ದನಕರು ಈ ಗಿಡಕ್ಕೆ ಬಾಯಿ ಹಾಕದಿರುವುದನ್ನು ತಾವೂ ಕಂಡಿರಬಹುದು.

ಇನ್ನು ಕಿಣ್ವಗಳ ಮಾತು. ಜೀವಕೋಶದಲ್ಲಿ ಹುಟ್ಟುವ ಹಾನಿಕರ ವಸ್ತುಗಳನ್ನು ಕೆಟಲೇಸ್‌ನಂತಹ ಉತ್ಕರ್ಷಣ ನಿರೋಧಕ ಕಿಣ್ವಗಳು ಅಡಗಿಸುತ್ತವೆ. ರಾಗಿ ಪೈರು ಬರ ತಾಳುವುದರಲ್ಲೂ ಇವುಗಳ ಪಾಲಿದೆ. ಗಿಡದ ರಸ ಕೊಟ್ಟ ಇಲಿಯಲ್ಲಿ ಇವು ಹೆಚ್ಚಿದವೆಂಬ ವರದಿಯನ್ನು ಚಿಕಿತ್ಸೆಯೆಂದು ತಿಳಿಯಬಾರದು. ಕ್ಯಾನ್ಸರ್ ಕೋಶವೂ ತನ್ನ ರಕ್ಷಣೆಗೆ ಇವೇ ಕಿಣ್ವಗಳನ್ನು ಬಳಸುತ್ತದೆ. ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಉತ್ಕರ್ಷಣ ನಿರೋಧಕವೆಂದು ಬೀಟಾ ಕೆರೊಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಬೀಡಿ ಬಿಡದೆ ಸೊಪ್ಪಿನ ರಸ ನೆಚ್ಚುವವರು ಇದನ್ನು ಗಮನಿಸಬೇಕು. (ರಾಮನಾಥಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪು ಸಾಗಿಸುವ ಬಂಧುಗಳಿಗೆ ಈ ಮಾತು ರುಚಿಸಲಿಕ್ಕಿಲ್ಲ.)

ವರದಿ ಓದುವಾಗ ಪರೀಕ್ಷೆ ನಡೆದದ್ದು ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂದು ಮೊದಲು ನೋಡಿ. ತಟ್ಟೆಯಲ್ಲಿನ ಕೋಶವನ್ನು ಕೊಲ್ಲಲು ಗಟ್ಟಿ ಉಪ್ಪುನೀರೂ ಸಾಕು. ಮೈಯಲ್ಲಿ ಗಂಟು ಕಂಡವರು, ಬಾಯಿಹುಣ್ಣು ಮಾಯದವರು ಮೊದಲು ಆಸ್ಪತ್ರೆಗೆ ಹೋಗಲಿ. ರಸ ಕುಡಿಯುತ್ತ ಕಳೆದ ತಿಂಗಳುಗಳಲ್ಲಿ ರೋಗ ಬೆಳೆದಿರುತ್ತದೆ. ಔಷಧಿ ಗಿಡ ಬೆಳೆಯಬೇಡಿರೆಂದು ನಾನು ಹೇಳುತ್ತಿಲ್ಲ. ಕೊಳ್ಳುವವರು ದರ, ತೂಕ, ತೇವಾಂಶಗಳನ್ನು ಬರೆದುಕೊಟ್ಟ ಕರಾರು ಕೈಸೇರಿದ ಮೇಲೆ, ಮೊದಲ ವರ್ಷ 5 ಗುಂಟೆ ಮೀರದಂತೆ ನೆಡಿ. ಬಾಯಿಮಾತು ನಂಬಿ ಆಲೂಗಡ್ಡೆ, ರಾಗಿಯ ಹೊಲವನ್ನು ಬಿಟ್ಟುಕೊಡಬೇಡಿ. ಕರಾರಿನ ಪ್ರತಿ ಮತ್ತು ಗಿಡದ ಒಂದು ರೆಂಬೆಯನ್ನು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.