ಮೊಬೈಲ್ ಕೊಟ್ಟರೆ ಗಣಿತ ಪಾಸಾದೀತೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಬೆಳಗಾವಿಯಲ್ಲಿ ಕೆಲವು ಮನೆಯವರು ಓಣಿಗೆಲ್ಲ ಕುಂದಾ ಹಂಚುತ್ತಾರೆ. ಕೆಲವು ಮನೆಗಳಲ್ಲಿ ಅಂದು ಒಲೆಯನ್ನೇ ಹಚ್ಚುವುದಿಲ್ಲ. ಶಹಾಪುರದಲ್ಲಿರುವ ನಮ್ಮ ಪರಿಚಯದ ಗೆಳತಿಯೊಬ್ಬರ ಮನೆ 2025ರ ಮೇ ತಿಂಗಳಲ್ಲಿ ಹೀಗೇ ಸಪ್ಪಗಾಗಿತ್ತು. ಮಗ ಐದು ವಿಷಯಗಳಲ್ಲಿ ಪಾಸು, ಗಣಿತದಲ್ಲಿ ಫೇಲು. ಅಪ್ಪ ಮಾತು ಬಿಟ್ಟರು. ಅಜ್ಜಿಗೆ ಬಾಜೂಮನೆಯವರಿಗೆ ಏನು ಹೇಳುವುದೆಂಬ ಚಿಂತೆ. ಅಮ್ಮ ಮಾತ್ರ ಧೈರ್ಯ ಮಾಡಿ ಒಂದು ಆನ್‌ಲೈನ್ ಕೋಚಿಂಗ್‌ಗೆ ದುಡ್ಡು ಕಟ್ಟಿ, ಮಗನ ಕೈಗೆ ಮೊಬೈಲ್ ಕೊಟ್ಟು ಉಸಿರು ಬಿಟ್ಟರು.

ಹತ್ತು ದಿನ ಬಿಟ್ಟು ಫೋನ್ ಮಾಡಿದರೆ ಅವರದೇ ಅಳಲು. "ದಿನಾ ನಾಕ್ ತಾಸ ಬಾಗ್ಲಾ ಹಾಕ್ಕೊಂಡ ಕುಂದರ್ತಾನ್ರೀ. ಒಂದ ಲೆಕ್ಕಾ ಬಿಡಿಸಿ ತೋರಸಪಾ ಅಂದ್ರ ನನ್ನ ಮಾರಿ ನೋಡ್ತಾನ."

ಅದೇ ವರ್ಷ ಅವರ ನಾದಿನಿಯ ಮಗಳು ವಿಜ್ಞಾನದಲ್ಲಿ ಫೇಲಾಗಿದ್ದಳು. ಅವರದು ಖಾನಾಪುರ ತಾಲ್ಲೂಕಿನಲ್ಲಿ ಕಣಕುಂಬಿ ಕಡೆಯ ಹಳ್ಳಿ. ಮಲಪ್ರಭೆ ಹುಟ್ಟುವ ಆ ಸೀಮೆಯ ಮಳೆ ನಿಮಗೆ ಗೊತ್ತೇ ಇದೆ. ಜೂನ್ ಹಿಡಿಯಿತೆಂದರೆ ಕರೆಂಟ್ ಯಾವಾಗ ಬರುತ್ತದೋ, ನೆಟ್‌ವರ್ಕ್ ಎಲ್ಲಿ ಸಿಗುತ್ತದೋ ಹೇಳುವಂತಿಲ್ಲ. ಮನೆಯಲ್ಲಿರುವುದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಶಹರದ ಹುಡುಗನಿಗೆ ಪಾಠ ಹೆಚ್ಚಾಯಿತು, ಹಳ್ಳಿಯ ಹುಡುಗಿಗೆ ಪಾಠವೇ ಸಿಗಲಿಲ್ಲ. ಆದರೆ ಇಬ್ಬರಿಗೂ ಇಲ್ಲದ್ದು ಒಂದೇ. ಅವರು ಬರೆದದ್ದನ್ನು ನೋಡಿ "ಇಲ್ಲಿ ತಪ್ಪಿದ್ದೀ ನೋಡು" ಎನ್ನುವವರು ಯಾರೂ ಇರಲಿಲ್ಲ.

ಗೆಳತಿಯರೇ, ಫೇಲಾದ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದು ನಾವು ಹೇಳುತ್ತಿಲ್ಲ. ಅದು ದೊಡ್ಡ ಅನುಕೂಲವೇ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ದೂರದರ್ಶನ ಚಂದನದಲ್ಲಿ ಬಂದ 'ಸಂವೇದ' ಪಾಠಗಳನ್ನು ಎಷ್ಟೋ ಮನೆಗಳಲ್ಲಿ ಅಮ್ಮಂದಿರೂ ಕುಳಿತು ನೋಡಿದ್ದರು. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 'ದೀಕ್ಷಾ'ದಲ್ಲಿ ಪಾಠ ತೆರೆಯುತ್ತದೆ, ಅದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ. ಪಾಠಕ್ಕೆ ಬರವಿಲ್ಲ. ಆದರೆ ಪರೀಕ್ಷೆ ನಡೆಯುವುದು ಕಾಗದದ ಮೇಲೆ. ಗಣಿತದ 80 ಅಂಕಗಳ ಪತ್ರಿಕೆಗೆ ಮೂರು ತಾಸು ಪೆನ್ನು ಹಿಡಿದು ಬರೆಯಬೇಕು. ಟಿವಿಯಲ್ಲಿ ಹೋಳಿಗೆ ಮಾಡುವುದನ್ನು ನೂರು ಸಲ ನೋಡಿದರೂ ಕಣಕ ನಾದದೇ ಹೋಳಿಗೆ ಬರುತ್ತದೆಯೇ? ಇದೂ ಹಾಗೆಯೇ.

ಸಮಯವೂ ಬಹಳ ಇರುವುದಿಲ್ಲ. ರಾಜ್ಯದಲ್ಲಿ 2024ರಿಂದ ಪೂರಕ ಪರೀಕ್ಷೆಯ ಬದಲು ಒಂದೇ ವರ್ಷದಲ್ಲಿ ಪರೀಕ್ಷೆ-1, 2, 3 ಎಂಬ ಪದ್ಧತಿ ಬಂತು. 2025ರಲ್ಲಿ ಮೇ 2ಕ್ಕೆ ಫಲಿತಾಂಶ ಬಂದು, ಮೇ 26ಕ್ಕೆ ಎರಡನೇ ಪರೀಕ್ಷೆ ಶುರುವಾಯಿತು. ನಡುವೆ ಮೂರು ವಾರ ಚಿಲ್ಲರೆ ದಿನ! ಅಷ್ಟರಲ್ಲಿ ಇಡೀ ಪುಸ್ತಕವನ್ನು ಮೊದಲಿನಿಂದ ಕೇಳಿಸುವ ಕೋಚಿಂಗ್‌ನಿಂದ ಏನು ಉಪಯೋಗ? ಮಗುವಿಗೆ ಬಾರದ ಎರಡು ಮೂರು ಅಧ್ಯಾಯಗಳನ್ನು ಹುಡುಕಿ ಹಿಡಿಯಬೇಕು.

ಹುಡುಕಲು ಒಂದು ಸುಲಭ ದಾರಿ ಇದೆ, ಬಹಳ ಜನ ಅದನ್ನು ಬಳಸುವುದೇ ಇಲ್ಲ. ಫಲಿತಾಂಶ ಬಂದ ಮೇಲೆ ನಿಗದಿತ ದಿನಗಳೊಳಗೆ ಶುಲ್ಕ ಕಟ್ಟಿದರೆ ಪರೀಕ್ಷಾ ಮಂಡಳಿಯ ಜಾಲತಾಣದಿಂದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಸಿಗುತ್ತದೆ. ನಮ್ಮ ಶಹಾಪುರದ ಗೆಳತಿ ಅದನ್ನು ತರಿಸಿಕೊಂಡು ಶಾಲೆಯ ಗಣಿತದ ಸರ್ ಮುಂದೆ ಇಟ್ಟರು. ಹುಡುಗ ರೇಖಾಗಣಿತದ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ! ಬೀಜಗಣಿತದಲ್ಲಿ ಕ್ರಮ ಸರಿ, ಚಿಹ್ನೆ ತಪ್ಪು. ಆಮೇಲೆ ಉಳಿದ ದಿನಗಳಲ್ಲಿ ಅಷ್ಟನ್ನೇ ಓದಿದ, ದಿನಾ ಬರೆದ. ಎರಡನೇ ಪರೀಕ್ಷೆಯಲ್ಲಿ ಪಾಸಾದ. ಅಂಕ ಹೇಳಿಕೊಳ್ಳುವಂಥದ್ದೇನಲ್ಲ, ಆದರೆ ವರ್ಷ ಉಳಿಯಿತು.

"ನಮಗ ಗಣಿತ ಎಲ್ಲಿ ಬರತೈತ್ರೀ, ನಾವೇನ್ ನೋಡೂದು?" ಎನ್ನುತ್ತೀರಾ? ಗಣಿತ ಬರಬೇಕಿಲ್ಲ. ಇಷ್ಟು ಮಾಡಿದರೆ ಸಾಕು:

* ಪಾಠ ನೋಡುವುದು ಒಂದು ತಾಸು ಮಾತ್ರ. ನಂತರ ಮೊಬೈಲ್ ನಿಮ್ಮ ಹತ್ತಿರ ಇರಲಿ, ಮಗು ಒಂದೂವರೆ ತಾಸು ಬರೆಯಲಿ. ನೀವು ಕಾಯಿಪಲ್ಯ ಹೆಚ್ಚುತ್ತಾ ಹತ್ತಿರದಲ್ಲೇ ಕುಳಿತಿದ್ದರೂ ಆದೀತು.

* ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಗಡಿಯಾರ ಇಟ್ಟು ಮೂರು ತಾಸು ಕೂರಿಸಿ. ಬರೆದದ್ದನ್ನು ವಿಷಯ ಬಲ್ಲವರಿಗೆ ತೋರಿಸಿ. ಶಾಲೆಯ ಮೇಷ್ಟ್ರು, ಓಣಿಯ ಕಾಲೇಜು ಹುಡುಗಿ, ಯಾರಾದರೂ ಸರಿ.

* ಆನ್‌ಲೈನ್ ಕೋಚಿಂಗ್‌ಗೆ ಸೇರಿಸುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ನನ್ನ ಮಗು ಬರೆದ ಉತ್ತರ ಯಾರು ತಿದ್ದುತ್ತಾರೆ, ಎಷ್ಟು ದಿನದಲ್ಲಿ?" ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ.

* ಎಷ್ಟು ಅವಕಾಶಗಳಿವೆ, ಅರ್ಜಿಗೆ ಕೊನೆಯ ದಿನ ಯಾವುದು, ಶುಲ್ಕ ಎಷ್ಟು ಎಂಬುದನ್ನು ಮುಖ್ಯೋಪಾಧ್ಯಾಯರಿಂದಲೇ ತಿಳಿಯಿರಿ. ನಿಯಮ ಆಗಾಗ ಬದಲಾಗುತ್ತದೆ. ಪಾಸಾಗುವ ಅಂಕವನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ್ದು ನೆನಪಿರಬಹುದು.

ಇನ್ನು, "ಶಾಲೆಯೇ ಒಗ್ಗುವುದಿಲ್ಲ" ಎನ್ನುವ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್ ಇದೆ. ಅಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷದೊಳಗೆ ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಮಾನ್ಯ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗಿನ ಅಂಕಗಳನ್ನು ನಿಯಮದಂತೆ ಅಲ್ಲಿಗೆ ವರ್ಗಾಯಿಸಿಕೊಳ್ಳಲೂ ಬರುತ್ತದೆ. ಯಾವ ಮಾಧ್ಯಮದಲ್ಲಿ ಬರೆಯಬಹುದು ಎಂದು ಮೊದಲೇ ಕೇಳಿಕೊಳ್ಳಿ. ಆದರೆ "ಮನೆಯಲ್ಲೇ ಕುಳಿತು, ಪರೀಕ್ಷೆ ಇಲ್ಲದೆ, ವಾರದಲ್ಲಿ ಹತ್ತನೇ ತರಗತಿ ಸರ್ಟಿಫಿಕೇಟ್" ಎಂದು ಫೋನ್ ಬಂದರೆ ಮಾತ್ರ ಮರುಳಾಗಬೇಡಿ. ಅಂಥ ಕಾಗದದಿಂದ ಮುಂದೆ ಕೆಲಸಕ್ಕೂ ಕುತ್ತು, ಪೊಲೀಸ್ ಠಾಣೆಗೂ ಅಲೆದಾಟ.

ಶಿಕ್ಷಣ ಇಲಾಖೆಗೂ ಒಂದು ಮಾತು ಹೇಳಲೇಬೇಕು. ಫೇಲಾದವರಿಗೆ ಶಾಲೆಗಳಲ್ಲಿ ಪರಿಹಾರ ಬೋಧನೆ ಮಾಡಿಸಿದ್ದು, ಅವರು ಮತ್ತೆ ಸರ್ಕಾರಿ ಶಾಲೆಯ ತರಗತಿಗೆ ಸೇರಲು 2024ರಲ್ಲಿ ಅವಕಾಶ ಕೊಟ್ಟಿದ್ದು ಒಳ್ಳೆಯದೇ. ಆನ್‌ಲೈನ್ ಪಾಠವೂ ಇದರ ಜೊತೆಗೇ ನಡೆಯಬೇಕು. ಖಾನಾಪುರದಂಥ ಕಾಡಂಚಿನ ತಾಲ್ಲೂಕಿನಲ್ಲಿ ಪಾಠಗಳನ್ನು ಪೆನ್‌ಡ್ರೈವ್‌ಗೆ ತುಂಬಿ ಶಾಲೆಯಲ್ಲೋ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲೋ ತೋರಿಸಬಹುದು. ಅಲ್ಲಿ ಮರಾಠಿ ಮಾಧ್ಯಮದ ಮಕ್ಕಳು ಬಹಳ. ಅವರಿಗೆ ತಿಳಿಯುವ ಭಾಷೆಯಲ್ಲಿ ಪಾಠ ಇಲ್ಲದಿದ್ದರೆ ಪರದೆ ಎಷ್ಟು ದೊಡ್ಡದಿದ್ದರೂ ವ್ಯರ್ಥ. ಪ್ರತಿ ಹೋಬಳಿಗೆ ಒಬ್ಬ ಶಿಕ್ಷಕರು ದಿನಾ ಸಂಜೆ ಒಂದು ತಾಸು ಫೋನಿನಲ್ಲಿ ಸಿಗಲಿ, ವಾರಕ್ಕೊಮ್ಮೆ ನೋಟ್‌ಬುಕ್ ನೋಡಲಿ. ಆ ಕೆಲಸಕ್ಕೆ ಅವರಿಗೆ ಗೌರವಧನವನ್ನೂ ಕೊಡಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇವೆಂದರೆ, ಖಾನಾಪುರದ ಆ ಹುಡುಗಿ ಎರಡನೇ ಪರೀಕ್ಷೆಗೆ ಅರ್ಜಿಯನ್ನೇ ಹಾಕಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮನೆಯಲ್ಲಿ "ಹ್ಯಾಂಗೂ ಖಾಲಿ ಕುಂತಾಳ, ಒಂದ ಚೊಲೊ ಸಂಬಂಧ ನೋಡೂಣು" ಎಂಬ ಮಾತು ಶುರುವಾಗಿತ್ತು. ಅವಳಿಗಿನ್ನೂ ಹದಿನಾರು. ಹದಿನೆಂಟು ತುಂಬದೆ ಮದುವೆ ಮಾಡುವುದು ಅಪರಾಧವೆಂದು ಅತ್ತಿಗೆ ಗಟ್ಟಿಯಾಗಿ ಹೇಳಿದ್ದಕ್ಕೆ ಮಾತು ಸದ್ಯಕ್ಕೆ ನಿಂತಿದೆ. ಒಂದು ವಿಷಯ ಉಳಿದದ್ದಕ್ಕೆ ಒಂದು ಬಾಳೇ ತಿರುಗುವುದೆಂದರೆ ಹೀಗೆ. ನಿಮ್ಮ ತವರಿನ ಕಡೆ, ನಾದಿನಿಯರ ಕಡೆ ಇಂಥ ಹುಡುಗಿ ಇದ್ದರೆ ರಜೆಯಲ್ಲಿ ಒಂದು ತಿಂಗಳು ನಿಮ್ಮ ಮನೆಗೆ ಕರೆಸಿಕೊಳ್ಳಿ. ಒಂದು ತಟ್ಟೆ ಊಟ ಹೆಚ್ಚಾದೀತು ಅಷ್ಟೇ.

ಕೊನೆಯದಾಗಿ, ಫೇಲಾದ ಮಗು ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಸೇರಿದರೆ "ತಾನೇ ಸರಿಹೋಗ್ತದ" ಎಂದು ಸುಮ್ಮನಿರಬೇಡಿ. ಪಕ್ಕದಲ್ಲಿ ಕುಳಿತು ಮಾತಾಡಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಓದಿಸುವುದು ಆಮೇಲೆ, ಮೊದಲು ಮಗು ಉಣ್ಣಲಿ, ಮಲಗಲಿ.

ಮಗು ಆನ್‌ಲೈನ್‌ನಲ್ಲಿ ಓದುತ್ತಿದ್ದರೆ ಇವತ್ತು ಸಂಜೆ ಕುಕ್ಕರ್ ಇಡುವ ಮೊದಲು ಅದರ ನೋಟ್‌ಬುಕ್ ಒಮ್ಮೆ ತೆಗೆದು ನೋಡಿ. ಈ ವಾರ ಎಷ್ಟು ಪುಟ ಬರೆದಿದೆ, ಎಣಿಸಿ.